ನಾಲ್ಕು ಜನರ ನಡುವೆ ಕೂತು ಚಿತ್ರ ಬಿಡಿಸುವುದು ಹೇಗೆ? ನಾಚಿಕೆ ಸ್ವಭಾವದವರಿಗೊಂದು ಮಾರ್ಗದರ್ಶಿ

ಸುಮಾರು ಎರಡು ವರ್ಷ ನನ್ನ ಚೀಲದಲ್ಲಿ ಒಂದು ಸ್ಕೆಚ್ ಬುಕ್ ಸುಮ್ನೆ ಓಡಾಡಿತು. ಹೊರಗೆ ಹೊರಟಾಗಲೆಲ್ಲ ಮರೆಯದೆ ಇಟ್ಟುಕೊಳ್ಳುತ್ತಿದ್ದೆ. ಪಾರ್ಕಿನ ಬೆಂಚಿನ ಮೇಲೆ ಕೂತಾಗ, ರೈಲಿಗೆ ಕಾಯುವಾಗ, ಕೈ ಚೀಲದ ಜಿಪ್ಪಿನವರೆಗೆ ಹೋಗುತ್ತಿತ್ತು. ಅಷ್ಟರಲ್ಲಿ ಯಾರಾದರೂ ಪಕ್ಕದಲ್ಲಿ ಬಂದು ಕೂರುತ್ತಿದ್ದರು. ಕೈ ವಾಪಸ್ ಬರುತ್ತಿತ್ತು. ಮನೆಗೆ ಬಂದು ನೆನಪಿನಿಂದ ಬಿಡಿಸೋಣ ಅಂದರೆ ಅರ್ಧಕ್ಕರ್ಧ ಮರೆತೇ ಹೋಗಿರುತ್ತಿತ್ತು.

ಆ ಪುಸ್ತಕ ಕೊನೆಗೂ ಹೊರಗೆ ಬಂತು. ನಾಚಿಕೆ ಹೋಯಿತು ಅಂತಲ್ಲ, ಅದು ಈಗಲೂ ಇದೆ. ಬದಲಾದದ್ದು ಮೂರೇ ವಿಷಯ. ಬೆನ್ನ ಹಿಂದೆ ಗೋಡೆ ಇರುವ ಒಂದು ಮೂಲೆ ಹುಡುಕಿಕೊಂಡೆ. ಪುಸ್ತಕ ಅಂಗೈಯಷ್ಟು ಚಿಕ್ಕದಾಯಿತು. ಕೂರುವ ಹೊತ್ತನ್ನು ಹದಿನೈದು ನಿಮಿಷಕ್ಕೆ ಇಳಿಸಿದೆ. ಹಾಗಾಗಿ, ನಾಚಿಕೆ ಬಿಟ್ಟ ಮೇಲೆ ಹೊರಗೆ ಹೋಗಿ ಚಿತ್ರ ಬಿಡಿಸೋಣ ಅಂತ ನೀವು ಕಾಯುತ್ತಿದ್ದರೆ, ದಯವಿಟ್ಟು ಕಾಯಬೇಡಿ. ನಾಚಿಕೆಯನ್ನು ಜೊತೆಗೆ ಕರೆದುಕೊಂಡೇ ಹೋಗಬಹುದು. ಅದಕ್ಕೊಂದು ಒಳ್ಳೆಯ ಜಾಗ ಮಾಡಿಕೊಟ್ಟರೆ ಸಾಕು. ಈ ಬರಹದಲ್ಲಿರುವುದು ಆ ಜಾಗ ಮಾಡಿಕೊಳ್ಳುವ ದಾರಿ.

ಜನ ನಿಜವಾಗಿ ಎಷ್ಟು ನೋಡುತ್ತಾರೆ?

ಭಯಕ್ಕೆ ಕಾರಣ ಒಂದೇ: ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸುವುದು. ಇದರ ಬಗ್ಗೆ ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಗಿಲೊವಿಚ್ ಮತ್ತು ಸಂಗಡಿಗರು ಮಾಡಿದ ಒಂದು ಪ್ರಯೋಗ 2000ರಲ್ಲಿ ಪ್ರಕಟವಾಯಿತು. ಒಬ್ಬ ವಿದ್ಯಾರ್ಥಿಗೆ ಮುಜುಗರವಾಗುವಂಥ ಟೀ ಶರ್ಟ್ ಹಾಕಿಸಿ, ಬೇರೆ ವಿದ್ಯಾರ್ಥಿಗಳು ಕೂತಿದ್ದ ಕೋಣೆಗೆ ಕಳಿಸಿದರು. ಆಮೇಲೆ, ನಿನ್ನ ಶರ್ಟಿನ ಮೇಲೆ ಯಾರ ಚಿತ್ರ ಇದೆ ಅಂತ ಎಷ್ಟು ಜನ ಗಮನಿಸಿರಬಹುದು ಎಂದು ಕೇಳಿದರು. ಹಾಕಿಕೊಂಡವರು ಹೆಚ್ಚುಕಮ್ಮಿ ಅರ್ಧದಷ್ಟು ಜನ ಅಂದರು. ನಿಜವಾಗಿ ಗಮನಿಸಿದ್ದವರು ಕಾಲು ಭಾಗದಷ್ಟು ಮಾತ್ರ. ಇದಕ್ಕೆ ಸ್ಪಾಟ್‌ಲೈಟ್ ಎಫೆಕ್ಟ್ ಅಂತ ಹೆಸರು. ಬೆಳಕೆಲ್ಲ ನಮ್ಮ ಮೇಲೇ ಬಿದ್ದಿದೆ ಅಂತ ನಮಗೆ ಅನ್ನಿಸುತ್ತದೆ, ಬಿದ್ದಿರುವುದಿಲ್ಲ.

ಆದರೂ ಒಂದು ಮಾತು ಒಪ್ಪಿಕೊಳ್ಳಬೇಕು. ಚಿತ್ರ ಬಿಡಿಸುವವರನ್ನು ಜನ ಸ್ವಲ್ಪ ನೋಡಿಯೇ ನೋಡುತ್ತಾರೆ. ಆದರೆ ಅವರು ನೋಡುವುದು ಯಾರೋ ಒಬ್ಬರು ಚಿತ್ರ ಬಿಡಿಸುತ್ತಿದ್ದಾರೆ ಅನ್ನುವುದನ್ನು. ನಿಮ್ಮ ಕಿಟಕಿ ಸೊಟ್ಟಗಿದೆಯೇ ಅನ್ನುವುದನ್ನಲ್ಲ. ಎರಡು ಸೆಕೆಂಡು ನೋಡಿ ಮುಂದೆ ಹೋಗುತ್ತಾರೆ.

ಹಂತ 1: ಮನೆಯಲ್ಲೇ ಒಂದು ವಾರ

ಹೊರಗೆ ಹೋದಾಗ ಎರಡು ಹೊಸ ಕಷ್ಟಗಳು ಒಟ್ಟಿಗೆ ಎದುರಾಗುತ್ತವೆ. ಒಂದು ಜನ. ಇನ್ನೊಂದು, ಎದುರಿಗಿರುವುದು ಅಲ್ಲಾಡುತ್ತಿರುತ್ತದೆ, ಸಮಯ ಕಮ್ಮಿ ಇರುತ್ತದೆ. ಎರಡನೆಯದನ್ನು ಮನೆಯಲ್ಲೇ ಅಭ್ಯಾಸ ಮಾಡಿಕೊಂಡು ಹೋದರೆ ಹೊರಗೆ ಒಂದೇ ಕಷ್ಟ ಉಳಿಯುತ್ತದೆ.

ಮೊಬೈಲಿನಲ್ಲಿ ಟೈಮರ್ ಇಟ್ಟುಕೊಳ್ಳಿ. ಮೊದಲ ಎರಡು ದಿನ ಒಂದೊಂದು ವಸ್ತುವಿಗೆ ಐದು ನಿಮಿಷ: ಚಪ್ಪಲಿ, ಕುರ್ಚಿ, ಬಾಗಿಲಿಗೆ ನೇತು ಹಾಕಿದ ಚೀಲ. ಮುಂದಿನ ಎರಡು ದಿನ ಎರಡು ನಿಮಿಷ. ಆಮೇಲೆ ಒಂದು. ಕೊನೆಗೆ ಮೂವತ್ತು ಸೆಕೆಂಡು. ಮೂವತ್ತು ಸೆಕೆಂಡಿನಲ್ಲಿ ಕುರ್ಚಿ ಪೂರ್ತಿ ಬರುವುದಿಲ್ಲ. ಬರಬೇಕಾಗಿಯೂ ಇಲ್ಲ. ಯಾವ ನಾಲ್ಕು ಗೆರೆ ಹಾಕಿದರೆ ಅದು ಕುರ್ಚಿ ಅನ್ನಿಸುತ್ತದೆ ಅನ್ನುವುದು ಕೈಗೆ ಗೊತ್ತಾಗುತ್ತದೆ.

ಇನ್ನೊಂದು ಅಭ್ಯಾಸ ಪುಟವನ್ನು ನೋಡದೇ ಬಿಡಿಸುವುದು. ಕಣ್ಣು ವಸ್ತುವಿನ ಅಂಚಿನ ಮೇಲೆ ನಿಧಾನವಾಗಿ, ಇರುವೆ ಹರಿದ ಹಾಗೆ ಸಾಗಬೇಕು. ಪೆನ್ನು ಅದೇ ವೇಗದಲ್ಲಿ ಕಾಗದದ ಮೇಲೆ ಸಾಗಬೇಕು. ಬಂದ ಚಿತ್ರ ವಿಚಿತ್ರವಾಗಿರುತ್ತದೆ, ಇರಲಿ. ಈ ಅಭ್ಯಾಸ ಹೊರಗೆ ಬಹಳ ಕೆಲಸಕ್ಕೆ ಬರುತ್ತದೆ. ಕಣ್ಣು ಎದುರಿನ ವಸ್ತುವಿನ ಮೇಲೆ ನೆಟ್ಟಿರುವಷ್ಟು ಹೊತ್ತು, ಯಾರು ನೋಡುತ್ತಿದ್ದಾರೆ ಅನ್ನುವ ಯೋಚನೆಗೆ ತಲೆಯಲ್ಲಿ ಜಾಗವೇ ಇರುವುದಿಲ್ಲ. ನನಗೆ ಇಂದಿಗೂ ಹೊಸ ಜಾಗದಲ್ಲಿ ಕೈ ನಡುಗಿದರೆ ಮೊದಲ ಪುಟ ಇದೇ.

ವಾರದ ಕೊನೆಗೆ ಕಿಟಕಿಯ ಹತ್ತಿರ ಕೂತು ರಸ್ತೆಯಲ್ಲಿ ಹೋಗುವವರನ್ನು ಬಿಡಿಸಿ. ಅವರು ನಿಮಗೆ ಕಾಣುತ್ತಾರೆ, ನೀವು ಅವರಿಗೆ ಕಾಣುವುದಿಲ್ಲ. ಹೊರಗೆ ಕಾಲಿಡುವ ಮುಂಚಿನ ಮೆಟ್ಟಿಲು ಇದು.

ಹಂತ 2: ಚೀಲದಲ್ಲಿ ಏನಿರಬೇಕು

ಕಮ್ಮಿ ಇದ್ದಷ್ಟೂ ಒಳ್ಳೆಯದು. ಸ್ಟ್ಯಾಂಡು, ದೊಡ್ಡ ಬೋರ್ಡು, ಬಣ್ಣದ ಪೆಟ್ಟಿಗೆ ಹರಡಿಕೊಂಡರೆ ಅದೊಂದು ಪ್ರದರ್ಶನದ ಹಾಗೆ ಕಾಣುತ್ತದೆ, ಜನ ಸೇರುತ್ತಾರೆ. ಚಿಕ್ಕ ಪುಸ್ತಕ ಹಿಡಿದು ಕೂತವರು ದೂರದಿಂದ ಏನೋ ಬರೆದುಕೊಳ್ಳುತ್ತಿರುವವರ ಹಾಗೆ ಕಾಣುತ್ತಾರೆ.

ಪುಸ್ತಕ ಎ6 ಗಾತ್ರದ್ದಿರಲಿ. ಅಂದರೆ 105 × 148 ಮಿಲಿಮೀಟರ್, ಪೋಸ್ಟ್ ಕಾರ್ಡಿನಷ್ಟು. ಧೈರ್ಯ ಬಂದ ಮೇಲೆ ಅದರ ಎರಡರಷ್ಟಿರುವ ಎ5ಗೆ ಹೋಗಬಹುದು. ಹೊದಿಕೆ ಗಟ್ಟಿ ರಟ್ಟಿನದೇ ಬೇಕು, ಏಕೆಂದರೆ ಹೊರಗೆ ಮೇಜು ಸಿಗುವುದಿಲ್ಲ. ಕಾಗದ ಪೆನ್ಸಿಲ್ಲಿಗೆ ಮತ್ತು ಪೆನ್ನಿಗೆ ಸುಮಾರು 120 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ, ಜಾಸ್ತಿ ಇದ್ದಷ್ಟೂ ದಪ್ಪ) ಇದ್ದರೆ ಸಾಕು. ಮೇಲೆ ತೆಳುವಾಗಿ ನೀರು ಬಣ್ಣ ಹಚ್ಚುವ ಆಸೆ ಇದ್ದರೆ 200ರ ಮೇಲಿರಲಿ. ಚೆನ್ನಾಗಿ ನೀರು ಹಾಕಿ ಬಣ್ಣ ಹಚ್ಚುವವರಿಗೆ 300 ಜಿಎಸ್‌ಎಂ ಬೇಕಾಗುತ್ತದೆ. ಪುಟಗಳು ಗಾಳಿಗೆ ಹಾರದಂತೆ ಒಂದು ಕ್ಲಿಪ್ಪು ಇಟ್ಟುಕೊಳ್ಳಿ.

ಪೆನ್ನು ನೀರಿಗೆ ಕರಗದ ಇಂಕಿನದಾಗಿರಲಿ. ಮೈಕ್ರಾನ್ ಅನ್ನುವ ಬ್ರಾಂಡಿನ ಥರದ ಡ್ರಾಯಿಂಗ್ ಪೆನ್ನುಗಳಲ್ಲಿ 01 ಅಂದರೆ 0.25 ಮಿಲಿಮೀಟರ್ ಗೆರೆ, 05 ಅಂದರೆ 0.45 ಮಿಲಿಮೀಟರ್. ಹೊಸಬರು ಸಾಮಾನ್ಯವಾಗಿ ಸಣ್ಣ ತುದಿಯದನ್ನೇ ಕೊಳ್ಳುತ್ತಾರೆ. ನನ್ನ ಸಲಹೆ 05. ಸಣ್ಣ ಗೆರೆ ಬರುವ ಪೆನ್ನು ಕೈಯಲ್ಲಿದ್ದರೆ ಸಣ್ಣ ಸಣ್ಣ ವಿವರಗಳ ಹಿಂದೆ ಹೋಗುತ್ತೇವೆ, ಹೊತ್ತು ಹೋಗುತ್ತದೆ, ಜನರು ಎದ್ದು ಹೋಗುತ್ತಾರೆ. ಶಾಯಿ ಪೆನ್ನು ಇಷ್ಟಪಡುವವರು ಅದಕ್ಕೆ ಅರಗು ಬೆರೆತ ಇಂಡಿಯನ್ ಇಂಕ್ ತುಂಬಬೇಡಿ, ಒಳಗೆ ಒಣಗಿ ಕಟ್ಟಿಕೊಳ್ಳುತ್ತದೆ.

ಒಂದು 2ಬಿ ಪೆನ್ಸಿಲ್ (ಸ್ವಲ್ಪ ಮೆತ್ತಗಿನ, ಗಾಢ ಗೆರೆ ಬರುವಂಥದ್ದು) ಜೊತೆಗಿರಲಿ. ರಬ್ಬರ್ ಮಾತ್ರ ಮನೆಯಲ್ಲೇ ಬಿಡಿ. ಕಟುವಾಗಿ ಕೇಳಿಸಬಹುದು, ಆದರೆ ಅಳಿಸಲು ಶುರು ಮಾಡಿದ ಕೂಡಲೇ ನಾವು ಚಿತ್ರ ಬಿಡಿಸುವವರಾಗಿರುವುದಿಲ್ಲ, ತಪ್ಪು ಹುಡುಕುವವರಾಗುತ್ತೇವೆ. ಲಿಯೊನಾರ್ಡೊ ದಾ ವಿಂಚಿ ಕೂಡ ಇದನ್ನೇ ಹೇಳಿದ್ದರು. ಯಾವಾಗಲೂ ಒಂದು ಚಿಕ್ಕ ಪುಸ್ತಕ ಇಟ್ಟುಕೊಂಡು ಓಡಾಡಿ, ಜನ ಮಾತಾಡುವುದನ್ನು, ಜಗಳವಾಡುವುದನ್ನು, ನಗುವುದನ್ನು ನಾಲ್ಕು ಗೆರೆಗಳಲ್ಲಿ ಗುರುತು ಹಾಕಿಕೊಳ್ಳಿ ಅಂತ ಕಲಿಯುವವರಿಗೆ ಬರೆದಿಟ್ಟರು. ಆ ಪುಸ್ತಕದ ಕಾಗದ ಅಳಿಸಲು ಆಗದಂಥದ್ದಿರಲಿ ಎಂದೂ ಸೇರಿಸಿದರು.

19ನೇ ಶತಮಾನದ ಜರ್ಮನ್ ಚಿತ್ರಕಾರ ಅಡಾಲ್ಫ್ ಮೆನ್ಸೆಲ್ ಬೇರೆ ಬೇರೆ ಗಾತ್ರದ ಪುಸ್ತಕಗಳಿಗೆಂದೇ ಎಂಟು ಜೇಬುಗಳಿದ್ದ ಕೋಟು ಹಾಕುತ್ತಿದ್ದರಂತೆ. ನಮಗೆ ಒಂದು ಜೇಬು ಸಾಕು. ಆದರೆ ಅವರಿಂದ ಕಲಿಯುವುದೊಂದಿದೆ: ಪುಸ್ತಕ ಚೀಲದ ತಳದಲ್ಲಿರಬಾರದು, ಕೈ ಹಾಕಿದರೆ ಸಿಗುವ ಹಾಗಿರಬೇಕು. ಜಿಪ್ಪು ತೆರೆದು, ಡಬ್ಬಿ ತೆಗೆದು, ಹುಡುಕುವಷ್ಟರಲ್ಲಿ ಬಂದ ಧೈರ್ಯ ಹೋಗಿರುತ್ತದೆ.

ಹಂತ 3: ಕೂರುವ ಜಾಗ

ಇಡೀ ವಿಷಯದಲ್ಲಿ ಮುಖ್ಯವಾದದ್ದು ಇದೇ ಅಂತ ನನ್ನ ನಂಬಿಕೆ. ಕೈ ಎಷ್ಟೇ ಪಳಗಿದ್ದರೂ ಬೆನ್ನ ಹಿಂದೆ ಯಾರೋ ನಿಂತಿದ್ದಾರೆ ಅನ್ನಿಸಿದರೆ ಗೆರೆ ಬಿಗಿಯಾಗುತ್ತದೆ. ಆದ್ದರಿಂದ ಎಲ್ಲಿಗೆ ಹೋದರೂ ಮೊದಲು ನೋಡಬೇಕಾದದ್ದು ಚೆಂದದ ದೃಶ್ಯವನ್ನಲ್ಲ, ಬೆನ್ನು ಇಡುವ ಜಾಗವನ್ನು. ಗೋಡೆ, ಕಂಬ, ದಪ್ಪ ಮರ, ಪೊದೆಯ ಬೇಲಿ, ಮುಚ್ಚಿದ ಅಂಗಡಿಯ ಬಾಗಿಲು, ಏನಾದರೂ ಆಗುತ್ತದೆ. ಹಿಂದಿನಿಂದ ಯಾರೂ ಇಣುಕಲು ಆಗದಿದ್ದರೆ ಹೆದರಿಕೆ ಅರ್ಧ ಇಳಿಯುತ್ತದೆ.

ನಂತರ ಬೆಳಕು. ಬಿಸಿಲು ನೇರವಾಗಿ ಬಿಳಿ ಪುಟದ ಮೇಲೆ ಬಿದ್ದರೆ ಕಣ್ಣು ಕೋರೈಸುತ್ತದೆ, ಗಾಢ ಗೆರೆಯೂ ತೆಳುವಾಗಿ ಕಾಣುತ್ತದೆ. ಪುಟ ನೆರಳಿನಲ್ಲಿರಲಿ, ಎದುರಿನ ವಸ್ತು ಬಿಸಿಲಿನಲ್ಲಿರಲಿ. ಕಪ್ಪು ಕನ್ನಡಕ ಹಾಕಿಕೊಂಡರೆ ಯಾರ ಕಣ್ಣೂ ಸಂಧಿಸುವುದಿಲ್ಲ ಅಂತ ಕೆಲವರು ಹೇಳುತ್ತಾರೆ. ನಿಜ, ಆದರೆ ಬೆಳಕು ನೆರಳಿನ ವ್ಯತ್ಯಾಸ ಸರಿಯಾಗಿ ತಿಳಿಯುವುದಿಲ್ಲ. ಅದಕ್ಕಿಂತ ಅಂಚಿರುವ ಟೋಪಿ ಒಳ್ಳೆಯದು. ಕಿವಿಗೆ ಇಯರ್‌ಫೋನ್ ಹಾಕಿಕೊಂಡರೆ ಮಾತಾಡಿಸಲು ಬರುವವರು ಕಮ್ಮಿಯಾಗುತ್ತಾರೆ. ಹಾಡು ಹಾಕದೇ ಬರೀ ಇಯರ್‌ಫೋನ್ ಇಟ್ಟುಕೊಂಡರೂ ಸಾಕು, ಸುತ್ತಲಿನ ಸದ್ದು ಕೇಳಿಸುತ್ತಿರುವುದು ಒಳ್ಳೆಯದು.

ಮೂರನೆಯದು ದೂರ. ಮೊದಮೊದಲು ಬಿಡಿಸುವ ಜನರಿಂದ ಹತ್ತು ಹದಿನೈದು ಮೀಟರಾದರೂ ದೂರ ಇರಿ. ಅಷ್ಟು ದೂರದಲ್ಲಿ ಮುಖದ ವಿವರ ಕಾಣುವುದಿಲ್ಲ, ನಿಲುವು ಮಾತ್ರ ಕಾಣುತ್ತದೆ. ಕಲಿಯುವವರಿಗೆ ಬೇಕಾದದ್ದೂ ನಿಲುವೇ.

ಜಾಗಗಳನ್ನು ನಾನು ಮೆಟ್ಟಿಲಿನ ಹಾಗೆ ಜೋಡಿಸಿಕೊಂಡಿದ್ದೆ. ಒಂದೊಂದರಲ್ಲೂ ಮೂರು ನಾಲ್ಕು ಸಲ ಕೂತು, ಬೇಸರ ಬಂದ ಮೇಲೆ ಮುಂದಿನದಕ್ಕೆ. ಬೇಸರ ಅಂದರೆ ಭಯ ಹೋಗಿದೆ ಅಂತ ಅರ್ಥ.

1. ನಿಂತ ಕಾರಿನೊಳಗೆ, ಅಥವಾ ಯಾವುದಾದರೂ ಕಟ್ಟಡದ ಮೇಲಿನ ಮಹಡಿಯ ಕಿಟಕಿಯ ಬಳಿ.
2. ಬೆಳಿಗ್ಗೆ ಬೇಗ, ಜನ ಕಮ್ಮಿ ಇರುವ ಪಾರ್ಕು. ಮರ, ಬೆಂಚು, ದೀಪದ ಕಂಬ.
3. ಗ್ರಂಥಾಲಯ. ಎಲ್ಲರೂ ತಲೆ ಬಗ್ಗಿಸಿ ಕೂತಿರುತ್ತಾರೆ, ಅಲ್ಲಾಡುವುದೂ ಕಮ್ಮಿ.
4. ಮ್ಯೂಸಿಯಂ. ಇಲ್ಲಿ ನೋಡುತ್ತಾ ನಿಲ್ಲುವುದೇ ಎಲ್ಲರ ಕೆಲಸ, ಹಾಗಾಗಿ ನೀವು ಬೇರೆಯಾಗಿ ಕಾಣುವುದಿಲ್ಲ. ಅದೂ ಅಲ್ಲದೆ ಶಿಲ್ಪಗಳು ಎದ್ದು ಹೋಗುವುದಿಲ್ಲ.
5. ಜನ ಕಾಯುವ ಜಾಗ: ರೈಲು ನಿಲ್ದಾಣ, ಬಸ್ ನಿಲ್ದಾಣ. ಈಗಂತೂ ಕಾಯುವವರೆಲ್ಲ ಮೊಬೈಲ್ ನೋಡುತ್ತಿರುತ್ತಾರೆ.
6. ಕಾಫಿ ಅಂಗಡಿಯ ಮೂಲೆಯ ಮೇಜು.
7. ಸಂತೆ, ಮಾರುಕಟ್ಟೆ. ನಿಂತುಕೊಂಡು, ಜನರ ಮಧ್ಯೆ.

ಏಳನೆಯದಕ್ಕೆ ಹೋಗಲೇಬೇಕು ಅಂತೇನಿಲ್ಲ. ವರ್ಷಗಟ್ಟಲೆ ಐದನೆಯದರಲ್ಲೇ ಇದ್ದು ಪುಸ್ತಕಗಳನ್ನು ತುಂಬಿಸಬಹುದು.

ಒಂದು ಎಚ್ಚರಿಕೆ. ನಾಚಿಕೆ ಅಂತ ತೀರಾ ನಿರ್ಜನ ಜಾಗ ಹುಡುಕಿಕೊಂಡು ಹೋಗಬೇಡಿ, ಅದರಲ್ಲೂ ಒಬ್ಬರೇ ಇದ್ದಾಗ, ಕತ್ತಲಾಗುವ ಹೊತ್ತಿನಲ್ಲಿ. ನಾಲ್ಕು ಜನ ಕಣ್ಣಿಗೆ ಬೀಳುವ ಹಾಗಿರಬೇಕು, ಆದರೆ ಮೈಮೇಲೆ ಬೀಳುವ ಹಾಗಿರಬಾರದು. ಚಿತ್ರದಲ್ಲಿ ಮುಳುಗಿದಾಗ ಚೀಲದ ಮೇಲೆ ಗಮನ ಇರುವುದಿಲ್ಲ, ಅದಕ್ಕೆ ಪಟ್ಟಿಯನ್ನು ಕಾಲಿಗೆ ಸುತ್ತಿಕೊಂಡು ಕೂರಿ.

ಹಂತ 4: ಮೊದಲ ಹದಿನೈದು ನಿಮಿಷ

ಮನೆ ಬಿಡುವಾಗಲೇ ತೀರ್ಮಾನ ಮಾಡಿಕೊಳ್ಳಿ: ಇವತ್ತು ಒಂದು ಪುಟ, ಹದಿನೈದು ನಿಮಿಷ. ಚೆನ್ನಾಗಿ ಬರುತ್ತಿದ್ದರೂ ಸಮಯ ಆದ ಮೇಲೆ ಏಳಬೇಕು. ಎದ್ದು ಹೋಗುವ ಸಮಯ ಗೊತ್ತಿದ್ದರೆ ಕೂರುವುದು ಸುಲಭ.

ಕೂತ ಮೇಲೆ ಎರಡು ನಿಮಿಷ ಏನೂ ಬಿಡಿಸಬೇಡಿ. ಪುಸ್ತಕ ತೊಡೆಯ ಮೇಲೆ ತೆರೆದಿರಲಿ, ಪೆನ್ನು ಕೈಯಲ್ಲಿರಲಿ. ಸುಮ್ನೆ ನೋಡಿ. ಈ ಎರಡು ನಿಮಿಷದಲ್ಲಿ ಅಕ್ಕಪಕ್ಕದವರು ನಿಮ್ಮನ್ನು ಒಮ್ಮೆ ನೋಡಿ ಮರೆತಿರುತ್ತಾರೆ. ನಿಮ್ಮ ಉಸಿರೂ ನೆಲೆಗೆ ಬಂದಿರುತ್ತದೆ.

ಆಮೇಲೆ ಒಂದೇ ಒಂದು ವಸ್ತು ಆರಿಸಿ. ಇಡೀ ಬೀದಿ ಬೇಡ. ಒಂದು ಸೈಕಲ್ಲು, ಒಂದು ಕಿಟಕಿ, ಒಂದು ಕುರ್ಚಿ. ಪುಟದ ಮೇಲೆ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಚೌಕ ಎಳೆದು ಅದರೊಳಗೇ ಬಿಡಿಸಿ. ಚಿಕ್ಕ ಚೌಕದಿಂದ ಎರಡು ಲಾಭ: ಬೇಗ ಮುಗಿಯುತ್ತದೆ, ಪಕ್ಕದವರಿಗೆ ಕಾಣುವುದಿಲ್ಲ.

ಮೊದಲ ಗೆರೆಯೇ ಕಷ್ಟ. ಖಾಲಿ ಪುಟ ಹೆದರಿಸುತ್ತದೆ. ಅದಕ್ಕೆ ನಾನು ಮೊದಲು ಪುಟದ ಮೂಲೆಯಲ್ಲಿ ದಿನಾಂಕ, ಹೊತ್ತು, ಜಾಗದ ಹೆಸರು ಬರೆಯುತ್ತೇನೆ. ಬರೆಯುವುದು ಯಾರಿಗೂ ಭಯ ಹುಟ್ಟಿಸುವ ಕೆಲಸ ಅಲ್ಲ, ಅಲ್ವಾ? ಅಕ್ಷರದಿಂದ ಗೆರೆಗೆ ಕೈ ತಾನಾಗಿ ಜಾರುತ್ತದೆ.

ದೊಡ್ಡ ಆಕಾರದಿಂದ ಚಿಕ್ಕದಕ್ಕೆ ಬನ್ನಿ. ಅಳತೆಗೆ ಹಳೆಯ ಉಪಾಯವೇ ಸಾಕು: ಮೊಣಕೈ ಮಡಿಸದೆ ತೋಳು ಪೂರ್ತಿ ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲಿನ ತುದಿಯಿಂದ ಹೆಬ್ಬೆರಳಿನವರೆಗೆ ಬಾಗಿಲಿನ ಅಗಲ ಎಷ್ಟು ನೋಡಿ, ಎತ್ತರ ಅದರ ಎಷ್ಟು ಪಟ್ಟು ಎಂದು ಎಣಿಸಿ. ತೋಳು ಚಾಚುವುದಕ್ಕೆ ಸಂಕೋಚವಾದರೆ ಪುಸ್ತಕವನ್ನೇ ಕಣ್ಣಿನ ಮಟ್ಟಕ್ಕೆ ಎತ್ತಿ, ಅದರ ಅಂಚನ್ನು ಅಳತೆಗೋಲಾಗಿ ಬಳಸಿ.

ಕೊನೆಯ ಮೂರು ನಿಮಿಷ ನೆರಳಿಗೆ. ಕಣ್ಣನ್ನು ಅರ್ಧ ಮುಚ್ಚಿ ನೋಡಿದರೆ ವಿವರಗಳು ಕರಗಿ ಬೆಳಕು, ಮಧ್ಯಮ, ಕತ್ತಲು ಎಂಬ ಮೂರೇ ಉಳಿಯುತ್ತವೆ. ಬೆಳಕನ್ನು ಕಾಗದಕ್ಕೇ ಬಿಡಿ. ಮಧ್ಯಮಕ್ಕೆ ಒಂದೇ ದಿಕ್ಕಿನ ಓರೆ ಗೆರೆಗಳು. ಕತ್ತಲಿಗೆ ಅದರ ಮೇಲೆ ಇನ್ನೊಂದು ದಿಕ್ಕಿನ ಗೆರೆಗಳು. ಸೊಟ್ಟಗಿರುವ ಚಿತ್ರ ಕೂಡ ನೆರಳು ಸರಿ ಬಿದ್ದರೆ ನಿಂತುಕೊಳ್ಳುತ್ತದೆ.

ಬಣ್ಣ ಅಲ್ಲೇ ಹಚ್ಚಬೇಕಾಗಿಲ್ಲ. 1832ರಲ್ಲಿ ಮೊರಾಕ್ಕೋಗೆ ಹೋಗಿದ್ದ ಫ್ರೆಂಚ್ ಚಿತ್ರಕಾರ ದೆಲಾಕ್ರ್ವಾ ತಮ್ಮ ಪುಸ್ತಕಗಳಲ್ಲಿ ಸ್ಕೆಚ್ಚಿನ ಪಕ್ಕದಲ್ಲೇ ಬಣ್ಣದ ಟಿಪ್ಪಣಿ ಬರೆದುಕೊಳ್ಳುತ್ತಿದ್ದರು. ನಾವೂ ಹಾಗೇ ಬರೆದುಕೊಂಡು ಮನೆಯಲ್ಲಿ ಹಚ್ಚಬಹುದು. ಬರೀ "ಕೆಂಪು" ಅಂತ ಬರೆದರೆ ಸಂಜೆಗೆ ಉಪಯೋಗಕ್ಕೆ ಬರುವುದಿಲ್ಲ. "ಇಟ್ಟಿಗೆ ಕೆಂಪು, ಕೆಳಗೆ ಮಾಸಿದೆ" ಅಂತ ಬರೆಯಿರಿ.

ಹಂತ 5: ಅಲ್ಲಾಡುವ ಜನರನ್ನು ಹಿಡಿಯುವುದು

ವಸ್ತುಗಳು ಅಭ್ಯಾಸವಾದ ಮೇಲೆ ಜನರ ಕಡೆ ಮನಸ್ಸು ಹೋಗಿಯೇ ಹೋಗುತ್ತದೆ. ಹಾಗೇ ಭಯವೂ ಸ್ವಲ್ಪ ವಾಪಸ್ ಬರುತ್ತದೆ.

ನನ್ನ ಮೊದಲ ಮನುಷ್ಯ ರೈಲಿನ ಪ್ಲಾಟ್‌ಫಾರ್ಮಿನಲ್ಲಿ ಕೂತಿದ್ದವರು. ತೊಡೆಯ ಮೇಲೆ ಚೀಲ, ಚೀಲದ ಪಟ್ಟಿಗೆ ಸಿಕ್ಕಿಸಿದ ಹೆಬ್ಬೆರಳು. ಮುಖದಿಂದ ಶುರು ಮಾಡದೆ ಭುಜದಿಂದ ಶುರು ಮಾಡಿದೆ. ಎಡಭುಜ ಬಲಭುಜಕ್ಕಿಂತ ಒಂದು ಬೆರಳಿನಷ್ಟು ಕೆಳಗಿತ್ತು. ಆ ಓರೆ ಗೆರೆ ಒಂದು ಬಿದ್ದ ಕೂಡಲೇ ಅವರ ಆಯಾಸ ಪುಟದ ಮೇಲೆ ಬಂತು. ನಂತರ ಬೆನ್ನಿನ ಬಾಗು, ಚೀಲದ ಉಬ್ಬು, ಹೆಬ್ಬೆರಳು. ತಲೆ ಕೊನೆಯಲ್ಲಿ ಬಂತು, ಒಂದು ಮೊಟ್ಟೆಯ ಆಕಾರ ಅಷ್ಟೇ, ಕಣ್ಣು ಮೂಗು ಇಲ್ಲ. ಎಡಗಾಲಿನ ಶೂ ಬಿಡಿಸುವಾಗ ರೈಲು ಬಂತು, ಅವರು ಎದ್ದರು. ಅದೇ ಜಾಗದಲ್ಲಿ ಬಂದು ಕೂತ ಇನ್ನೊಬ್ಬರ ಕಾಲು ನೋಡಿ ಶೂ ಮುಗಿಸಿದೆ. ಚಿತ್ರದಲ್ಲಿ ಇಬ್ಬರಿದ್ದಾರೆ ಅಂತ ಇದುವರೆಗೂ ಯಾರೂ ಕಂಡುಹಿಡಿದಿಲ್ಲ.

ಅದರಲ್ಲೇ ಮೂರು ಪಾಠ ಇವೆ. ಮುಖ ಬಿಟ್ಟುಬಿಡಿ, ನಿಲುವು ಹಿಡಿಯಿರಿ. ಮುಖ ಬಿಡಿಸದಿದ್ದರೆ ಅವರನ್ನು ದಿಟ್ಟಿಸಿ ನೋಡುವ ಅಗತ್ಯವೂ ಇರುವುದಿಲ್ಲ, ನಾಚಿಕೆಯವರಿಗೆ ಅದೇ ದೊಡ್ಡ ಸಮಾಧಾನ. ಭಾರ ಎಲ್ಲಿದೆ ನೋಡಿ, ಭುಜ ಮತ್ತು ಸೊಂಟದ ಓರೆ ಮೊದಲು ಹಾಕಿ. ಒಬ್ಬರು ಹೋದರೆ ಇನ್ನೊಬ್ಬರಿಂದ ತುಂಬಿಸಿ.

ಒಂದೇ ಕೆಲಸ ಮತ್ತೆ ಮತ್ತೆ ಮಾಡುವವರನ್ನು ಆರಿಸಿಕೊಳ್ಳುವುದು ಇನ್ನೊಂದು ಉಪಾಯ. ಗುಡಿಸುವವರು, ತೂಕ ಮಾಡುವವರು, ಸಂಗೀತ ನುಡಿಸುವವರು ಅದೇ ಭಂಗಿಗೆ ವಾಪಸ್ ಬರುತ್ತಾರೆ. ಒಂದು ಪುಟದಲ್ಲಿ ಮೂರು ನಾಲ್ಕು ಭಂಗಿ ಒಟ್ಟಿಗೆ ಶುರು ಮಾಡಿ. ಅವರು ಬಗ್ಗಿದಾಗ ಬಗ್ಗಿದ ಚಿತ್ರಕ್ಕೆ ಎರಡು ಗೆರೆ, ನೆಟ್ಟಗಾದಾಗ ಇನ್ನೊಂದಕ್ಕೆ ಎರಡು ಗೆರೆ. ನಡೆಯುವವರನ್ನು ಒಂದೇ ನೋಟದಲ್ಲಿ ಹಿಡಿಯಬೇಕು. ಒಂದು ಸಲ ನೋಡಿ, ಕಣ್ಣು ಕೆಳಗಿಳಿಸಿ, ಉಳಿದಷ್ಟನ್ನು ನೆನಪಿನಿಂದ ಹಾಕಿ.

ಅಳತೆಯಲ್ಲಿ ಎರಡು ಸಂಗತಿ ನೆನಪಿದ್ದರೆ ಸಾಕು. ನಿಂತ ದೊಡ್ಡವರ ಎತ್ತರ ಸುಮಾರು ಏಳೂವರೆ ತಲೆಯಷ್ಟು. ನಾವು ಹೊಸದರಲ್ಲಿ ತಲೆಯನ್ನು ದೊಡ್ಡದಾಗಿಯೇ ಬಿಡಿಸುತ್ತೇವೆ, ಹಾಗಾಗಿ ಅನ್ನಿಸಿದ್ದಕ್ಕಿಂತ ಸ್ವಲ್ಪ ಚಿಕ್ಕದು ಹಾಕಿ. ಎರಡನೆಯದು ಕಣ್ಣಿನ ಮಟ್ಟ. ಸಮತಟ್ಟಾದ ನೆಲದ ಮೇಲೆ ನೀವು ನಿಂತು ನೋಡಿದರೆ, ನಿಮ್ಮಷ್ಟೇ ಎತ್ತರದವರೆಲ್ಲರ ಕಣ್ಣು ಒಂದೇ ಅಡ್ಡಗೆರೆಯ ಮೇಲೆ ಬರುತ್ತದೆ. ಹತ್ತಿರದವರಾದರೂ ಅಷ್ಟೇ, ದೂರದವರಾದರೂ ಅಷ್ಟೇ. ದೂರದವರ ಕಾಲು ಮಾತ್ರ ಮೇಲೆ ಬರುತ್ತದೆ. ಬೆಂಚಿನ ಮೇಲೆ ಕೂತರೆ ಆ ಗೆರೆ ನಿಂತವರ ಎದೆಯ ಹತ್ತಿರ ಹಾಯುತ್ತದೆ, ನೆಲದ ಮೇಲೆ ಕೂತರೆ ಸೊಂಟದ ಹತ್ತಿರ. ಈ ಗೆರೆಯನ್ನು ಮೊದಲೇ ತೆಳುವಾಗಿ ಎಳೆದುಕೊಂಡರೆ ಎಷ್ಟು ಜನರನ್ನು ಬೇಕಾದರೂ ಸೇರಿಸಬಹುದು, ಯಾರೂ ಗಾಳಿಯಲ್ಲಿ ತೇಲುವುದಿಲ್ಲ.

ಯಾರಾದರೂ ಹತ್ತಿರ ಬಂದರೆ

ಬಂದೇ ಬರುತ್ತಾರೆ. ಅದಕ್ಕೆ ಏನು ಹೇಳಬೇಕು ಅಂತ ಮುಂಚೆಯೇ ಬಾಯಿಪಾಠ ಮಾಡಿಕೊಂಡಿದ್ದರೆ ಗಾಬರಿ ಆಗುವುದಿಲ್ಲ.

ಹೆಚ್ಚಿನವರು ನಿಂತು, ನೋಡಿ, ಹೋಗುತ್ತಾರೆ. ಅವರಿಗೆ ಏನೂ ಹೇಳಬೇಕಾಗಿಲ್ಲ. ತಲೆ ಎತ್ತದೆ ಕೆಲಸ ಮುಂದುವರಿಸಿ. ತೀರಾ ಕಷ್ಟವಾದರೆ ಪುಟದ ಖಾಲಿ ಭಾಗದಲ್ಲಿ ಟಿಪ್ಪಣಿ ಬರೆಯಲು ಶುರು ಮಾಡಿ. ಬರೆಯುವುದನ್ನು ನೋಡುತ್ತಾ ಯಾರೂ ಜಾಸ್ತಿ ಹೊತ್ತು ನಿಲ್ಲುವುದಿಲ್ಲ.

"ಏನ್ ಮಾಡ್ತಿದೀರಾ?" ಅಂತ ಕೇಳಿದರೆ, "ಸುಮ್ನೆ ಅಭ್ಯಾಸ ಮಾಡ್ತಿದೀನಿ" ಅನ್ನಿ. "ಅಭ್ಯಾಸ" ಅನ್ನುವ ಮಾತಿಗೆ ದೊಡ್ಡ ಶಕ್ತಿ ಇದೆ. ಅಭ್ಯಾಸ ಮಾಡುವವರಿಂದ ಯಾರೂ ಪೂರ್ತಿಯಾದ ಚಿತ್ರ ನಿರೀಕ್ಷಿಸುವುದಿಲ್ಲ. "ಚೆನ್ನಾಗಿದೆ" ಅಂದರೆ "ಥ್ಯಾಂಕ್ಸ್" ಅನ್ನಿ, ಅಷ್ಟಕ್ಕೇ ನಿಲ್ಲಿಸಿ. "ಅಯ್ಯೋ ಇಲ್ಲ, ಸರಿಯಾಗಿ ಬಂದಿಲ್ಲ, ನೋಡಿ ಇಲ್ಲಿ ಸೊಟ್ಟಗಿದೆ" ಅಂತ ತಪ್ಪು ತೋರಿಸಬೇಡಿ. ಅವರು ಪ್ರೀತಿಯಿಂದ ಹೇಳಿದ್ದನ್ನು ಹಿಂದಕ್ಕೆ ಕೊಟ್ಟ ಹಾಗಾಗುತ್ತದೆ. ನಾನು ಬಹಳ ದಿನ ಇದನ್ನೇ ಮಾಡುತ್ತಿದ್ದೆ. ಬಿಟ್ಟ ಮೇಲೆ ನನ್ನ ಚಿತ್ರವನ್ನು ನಾನೂ ಬೇರೆ ಥರ ನೋಡಲು ಶುರು ಮಾಡಿದೆ.

"ನನ್ನದೂ ಒಂದು ಬಿಡಿಸಿಕೊಡಿ" ಅನ್ನುವವರು ಸಿಗುತ್ತಾರೆ. ಇಷ್ಟವಿದ್ದರೆ ಬಿಡಿಸಿ. ಇಲ್ಲದಿದ್ದರೆ "ಮುಖ ಬಿಡಿಸೋದು ಇನ್ನೂ ಕಲೀಬೇಕು" ಅಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಪುಟದ ಫೋಟೋ ತೆಗೆಯಲು ಬಂದರೆ ಬೇಡ ಅನ್ನಲು ನಿಮಗೆ ಪೂರ್ತಿ ಹಕ್ಕಿದೆ.

ಮಕ್ಕಳು ಬಂದರೆ ಹೆದರಬೇಡಿ. ಅವರು ಚಿತ್ರಕ್ಕೆ ಅಂಕ ಹಾಕುವುದಿಲ್ಲ, "ಇದು ಆ ನಾಯಿನಾ?" ಅಂತ ಕೇಳುತ್ತಾರೆ. ಗುರುತು ಸಿಕ್ಕಿದೆ ಅಂತ ನಮಗೂ ಗೊತ್ತಾಗುತ್ತದೆ.

ನೀವು ಬಿಡಿಸುತ್ತಿರುವವರೇ ಗಮನಿಸಿಬಿಟ್ಟರೆ? ಇದಕ್ಕೇ ಎಲ್ಲರೂ ಜಾಸ್ತಿ ಹೆದರುವುದು. ಕಣ್ಣು ಸಂಧಿಸಿದ ಕೂಡಲೇ ಪುಸ್ತಕ ಮುಚ್ಚಬೇಡಿ, ಏನೋ ತಪ್ಪು ಮಾಡಿದವರ ಹಾಗೆ ಕಾಣುತ್ತದೆ. ಒಂದು ಸಣ್ಣ ನಗು ಕೊಡಿ, ಪುಸ್ತಕವನ್ನು ಸ್ವಲ್ಪ ಎತ್ತಿ ತೋರಿಸಿ. ಬಹಳಷ್ಟು ಮಂದಿ ನಗುತ್ತಾರೆ, ಕೆಲವರು ಕೂದಲು ಸರಿ ಮಾಡಿಕೊಳ್ಳುತ್ತಾರೆ. ಅವರಿಗೆ ಇಷ್ಟವಿಲ್ಲ ಅನ್ನಿಸಿದರೆ ತಕ್ಷಣ ನಿಲ್ಲಿಸಿ, ಬೇರೆ ಕಡೆ ತಿರುಗಿ ಒಂದು ಮರ ಬಿಡಿಸಿ. ವಾದ ಬೇಡ.

ಎಲ್ಲಿ ಬಿಡಿಸಬಾರದು

ಎಲ್ಲ ಕಡೆ ನಿಯಮ ಒಂದೇ ಅಲ್ಲ. ಮ್ಯೂಸಿಯಂಗಳಲ್ಲಿ ಸಾಮಾನ್ಯವಾಗಿ ಪೆನ್ಸಿಲಿಗೆ ಅಡ್ಡಿ ಇರುವುದಿಲ್ಲ, ಇಂಕು ಮತ್ತು ಬಣ್ಣಕ್ಕೆ ಇರುತ್ತದೆ. ಒಳಗೆ ಹೋಗುವಾಗಲೇ ಕೇಳಿಬಿಡಿ. ಸೈನ್ಯಕ್ಕೆ ಸೇರಿದ ಜಾಗ, ವಿಮಾನ ನಿಲ್ದಾಣದ ತಪಾಸಣೆಯ ಜಾಗ, ಇಂಥ ಕಡೆ ಪುಸ್ತಕ ತೆಗೆಯದಿರುವುದೇ ಮೇಲು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕೋರ್ಟಿನೊಳಗೆ ಕೂತು ಚಿತ್ರ ಬಿಡಿಸುವುದನ್ನು 1925ರ ಕಾನೂನು ತಡೆಯುತ್ತದೆ. ಅಲ್ಲಿನ ಕೋರ್ಟ್ ಚಿತ್ರಕಾರರು ಒಳಗೆ ಚೆನ್ನಾಗಿ ನೋಡಿಕೊಂಡು, ಹೊರಗೆ ಬಂದು ನೆನಪಿನಿಂದ ಬಿಡಿಸುತ್ತಾರೆ.

ನಿಯಮಕ್ಕಿಂತ ಮುಖ್ಯವಾದದ್ದು ಎದುರಿನವರ ಮನಸ್ಸು. ಅಳುತ್ತಿರುವವರು, ಆಸ್ಪತ್ರೆಯಲ್ಲಿ ಕಾಯುತ್ತಿರುವವರು, ಬೀದಿಯಲ್ಲೇ ಮಲಗಬೇಕಾಗಿ ಬಂದವರು, ಇವರನ್ನು ನಾನು ಬಿಡಿಸುವುದಿಲ್ಲ. ಅವರಿಗೆ ಬೇಡ ಅನ್ನುವ ಅವಕಾಶವೇ ಇರುವುದಿಲ್ಲ. ಮಕ್ಕಳನ್ನು ಗುರುತು ಸಿಗುವ ಹಾಗೆ ಹತ್ತಿರದಿಂದ ಬಿಡಿಸುವುದಾದರೆ ಜೊತೆಗಿರುವ ದೊಡ್ಡವರನ್ನು ಕೇಳಿ.

ಜೊತೆಗೊಬ್ಬರಿದ್ದರೆ

ಒಬ್ಬರೇ ಹೋಗಲು ಕಾಲೇ ಬರದಿದ್ದರೆ ಒಬ್ಬ ಗೆಳತಿಯನ್ನೋ ಗೆಳೆಯನನ್ನೋ ಕರೆದುಕೊಂಡು ಹೋಗಿ. ಅವರಿಗೆ ಚಿತ್ರ ಬರಬೇಕಾಗಿಲ್ಲ, ಪಕ್ಕದಲ್ಲಿ ಕೂತು ಏನಾದರೂ ಓದುತ್ತಿದ್ದರೂ ಸಾಕು. ಮಾತಾಡಿಸುವವರು ಅರ್ಧ ಅವರ ಜೊತೆ ಮಾತಾಡುತ್ತಾರೆ.

ಗುಂಪುಗಳೂ ಇವೆ. ಅಮೆರಿಕದ ಸಿಯಾಟಲ್‌ನ ಪತ್ರಕರ್ತ, ಚಿತ್ರಕಾರ ಗೇಬ್ರಿಯಲ್ ಕ್ಯಾಂಪನಾರಿಯೋ 2007ರಲ್ಲಿ ಆನ್‌ಲೈನ್‌ನಲ್ಲಿ ಶುರು ಮಾಡಿದ ಒಂದು ಚಿಕ್ಕ ಬಳಗ ಮುಂದೆ ಅರ್ಬನ್ ಸ್ಕೆಚರ್ಸ್ ಅನ್ನುವ ಲಾಭರಹಿತ ಸಂಸ್ಥೆಯಾಯಿತು. ಈಗ ಪ್ರಪಂಚದ ನೂರಾರು ಊರುಗಳಲ್ಲಿ ಅದರ ಗುಂಪುಗಳಿವೆ. ಎದುರಿಗೆ ಕಂಡದ್ದನ್ನು ಅಲ್ಲೇ ಕೂತು ಬಿಡಿಸಬೇಕು ಅನ್ನುವುದೇ ಅವರ ಮುಖ್ಯ ಕಟ್ಟಳೆ. ಸಾಮಾನ್ಯವಾಗಿ ಒಂದು ಜಾಗದಲ್ಲಿ ಸೇರಿ, ಚದುರಿ ಕೂತು ಬಿಡಿಸಿ, ಕೊನೆಗೆ ಎಲ್ಲರ ಪುಸ್ತಕ ನೆಲದ ಮೇಲೆ ಹರಡಿ ನೋಡುತ್ತಾರೆ. ಮೊದಲ ಸಲ ತೋರಿಸಲು ಮನಸ್ಸಾಗದಿದ್ದರೆ ತೋರಿಸಬೇಕಾಗಿಲ್ಲ. ಆದರೆ ಬೇರೆಯವರ ಪುಟಗಳನ್ನು ಖಂಡಿತ ನೋಡಿ. ವರ್ಷಗಳಿಂದ ಬಿಡಿಸುತ್ತಿರುವವರ ಪುಸ್ತಕದಲ್ಲೂ ಕೈತಪ್ಪಿದ ಪುಟಗಳು ಎಷ್ಟಿರುತ್ತವೆ ಅಂತ ಕಣ್ಣಾರೆ ಕಂಡರೆ ಮನಸ್ಸು ಹಗುರಾಗುತ್ತದೆ.

ಮನೆಗೆ ಬಂದ ಮೇಲೆ

ಅದೇ ದಿನ ಚಿತ್ರವನ್ನು ಅಳೆಯಬೇಡಿ. ದಿನಾಂಕದ ಕೆಳಗೆ ಒಂದೆರಡು ಸಾಲು ಬರೆದು ಪುಸ್ತಕ ಮುಚ್ಚಿ: ಗಾಳಿ ಇತ್ತು, ಮಗು ಒಂದು ಬಂದು ನೋಡಿತು, ಹತ್ತು ನಿಮಿಷಕ್ಕೇ ಎದ್ದೆ. ವಾರ ಬಿಟ್ಟು ತೆರೆದು ನೋಡಿ. ಎದುರಿನ ನಿಜವಾದ ವಸ್ತು ಮರೆತಿರುತ್ತದೆ, ಹೋಲಿಸಲು ಏನೂ ಇರುವುದಿಲ್ಲ, ಆಗ ಚಿತ್ರ ಚಿತ್ರವಾಗಿಯೇ ಕಾಣುತ್ತದೆ.

ಪುಟ ಹರಿಯಬೇಡಿ. ಒಂದು ಪುಟ ಹರಿದರೆ ಮುಂದಿನ ಪ್ರತಿ ಪುಟವೂ ಉಳಿಯುತ್ತೋ ಇಲ್ಲವೋ ಅನ್ನುವ ಪರೀಕ್ಷೆಯಾಗುತ್ತದೆ. ತೀರಾ ನೋಡಲಾಗದಿದ್ದರೆ ಅದರ ಎದುರಿನ ಪುಟದಲ್ಲಿ ಅದೇ ಜಾಗವನ್ನು ಇನ್ನೊಂದು ದಿನ ಬಿಡಿಸಿ.

ವಾರಕ್ಕೆ ಎರಡು ಸಲ ಹದಿನೈದು ನಿಮಿಷ ಕೂತರೂ ನಲವತ್ತು ಪುಟದ ಪುಸ್ತಕ ಐದು ತಿಂಗಳಲ್ಲಿ ತುಂಬುತ್ತದೆ. ಕೊನೆಯ ಐದು ಪುಟ ಉಳಿದಿರುವಾಗಲೇ ಮುಂದಿನ ಪುಸ್ತಕ ತಂದಿಟ್ಟುಕೊಳ್ಳಿ. ಒಳ್ಳೆಯ ಚಿತ್ರಕ್ಕೆ ಬೇಕಾಗುತ್ತದೆ ಅಂತ ಆ ಕೊನೆಯ ಪುಟಗಳನ್ನು ಉಳಿಸಿಟ್ಟುಕೊಂಡು ಕೂರುವುದು ನನಗೂ ಆಗಿದೆ. ಹೊಸ ಪುಸ್ತಕ ಮನೆಯಲ್ಲಿದ್ದರೆ ಆ ಐದು ಪುಟ ಒಂದೇ ವಾರದಲ್ಲಿ ಮುಗಿಯುತ್ತದೆ.